ಕಿಟಕಿಯಿರುವ ಕೋಣೆ

ಎಲ್ಲ ಅನಾಹುತಕ್ಕೂ ಕಾರಣ ಪಕ್ಕದ ಮನೆ ಅಜ್ಜಿಯ ನಾಯಿ. ಆದರೆ ಅದನ್ನು ಒಂದು ಗಂಟೆಯ ಮಟ್ಟಿಗೆ ಎರವಲು ತಂದವನು ನಮ್ಮ ಸಲಹೆಗಾರನೇ ಆದ್ದರಿಂದ ನಾಯಿಯನ್ನು ಬೈದು ಪ್ರಯೋಜನವಿಲ್ಲ.

ಸಲಹೆಗಾರ ಎನ್ನುವುದು ವಿಸಿಟಿಂಗ್ ಕಾರ್ಡಿನ ಮಾತು. ಅವನ ಕಂಪನಿಯ ಕಸುಬು ಲಾಬಿ. ಅಂದರೆ ಯಾರದೋ ಬೇಡಿಕೆಯನ್ನು ನಯವಾಗಿ ಸರ್ಕಾರದ ಕಿವಿಗೆ ಹಾಕುವುದು. ಅದರಲ್ಲಿ ಇವನ ಪಾಲಿಗೆ ಬಂದದ್ದು ಅಧಿಕಾರಿಗಳ ಬಾಗಿಲಲ್ಲಿ ಕೂರುವುದು. "ನಮ್ಮ ಅಳಿಯಂದ್ರು ಕಾಯೋ ಕೆಲ್ಸದಲ್ಲಿದ್ದಾರೆ" ಎಂದು ಅವನ ಅತ್ತೆ ಕಂಡಕಂಡವರಿಗೆಲ್ಲ ಹೇಳುತ್ತಿದ್ದರು. ಆಫೀಸಿನಲ್ಲಿ ನಾಲ್ಕು ವರ್ಷದಿಂದ ಜೆರಾಕ್ಸ್ ಮೆಷಿನ್ ಪಕ್ಕದ ಮೇಜೇ ಅವನಿಗೆ ಗತಿಯಾಗಿತ್ತು. ಈಗ ಅಲ್ಲಿ ಒಂದು ಕೋಣೆ ಖಾಲಿಯಾಗಿತ್ತು. ಅದಕ್ಕೆ ಬಾಗಿಲಿತ್ತು, ಕಿಟಕಿಯಿತ್ತು, ತಿರುಗುವ ಕುರ್ಚಿಯೂ ಇತ್ತು.

"ಸೈಕಲ್ ಬೆಲ್ ಫೈಲಿಗೆ ನಾಳೆ ಸಂಜೆ ಐದರೊಳಗೆ ಸಾರಿಗೆ ಇಲಾಖೆ ನಿರ್ದೇಶಕರ ಸಹಿ ಹಾಕಿಸ್ಕೊಂಡು ಬನ್ನಿ, ಕೋಣೆ ನಿಮ್ದು" ಎಂದಿದ್ದರು ಬಾಸ್. "ಇಲ್ಲಾಂದ್ರೆ ಜೆರಾಕ್ಸ್ ಪಕ್ಕದ ಮೇಜೂ ನಿಮ್ದಲ್ಲ."

ಪ್ರತಿ ಸೈಕಲ್ಲಿಗೂ ಎರಡೆರಡು ಬೆಲ್ ಇರಲೇಬೇಕು, ಮುಂದೊಂದು ಹಿಂದೊಂದು, ಎನ್ನುವುದು ಬೆಲ್ ತಯಾರಕರ ಸಂಘದ ಬೇಡಿಕೆ. ಹಿಂದಿನದು ಯಾಕೆ ಎಂದು ಸಂಘದವರಿಗೂ ಗೊತ್ತಿರಲಿಲ್ಲ.

"ನಿರ್ದೇಶಕರು ಬೆಳಿಗ್ಗೆ ಪಾರ್ಕಲ್ಲಿ ನಾಯಿ ಹಿಡ್ಕೊಂಡು ಓಡಾಡ್ತಾರೆ" ಎಂದು ಬಾಸ್ ದಾರಿಯನ್ನೂ ತೋರಿಸಿದ್ದರು. "ನೀವೂ ಒಂದು ನಾಯಿ ಹಿಡ್ಕೊಂಡು ಹೋಗಿ. ನಾಯಿಗಳು ಪರಿಚಯ ಮಾಡ್ಕೊಂಡ್ರೆ ನೀವೂ ಮಾಡ್ಕೋಬಹುದು."

ಬೆಳಿಗ್ಗೆ ಹೊರಡುವಾಗ ಹೆಂಡತಿ ಅವನ ಚೀಲಕ್ಕೆ ನೀಲಿ ಹೂವಿನ ಪರದೆಯೊಂದನ್ನು ಮಡಚಿ ಹಾಕಿದಳು. "ಕೋಣೆ ಸಿಕ್ಕ ತಕ್ಷಣ ಕಿಟಕಿಗೆ ಹಾಕ್ಬಿಡಿ. ನಾಳೆ ಅಂದ್ರೆ ಬೇರೆ ಯಾರಾದ್ರೂ ಬಂದು ಕೂತ್ಕೋತಾರೆ."

ಅಜ್ಜಿ ನಾಯಿಯ ಹಗ್ಗ ಕೈಗಿಡುತ್ತ ಧೈರ್ಯ ಹೇಳಿದರು. "ಕಚ್ಚಲ್ಲ ಮಗಾ, ಬಂಗಾರದಂಥದ್ದು. ಬೂದು ಬಣ್ಣದ ಪ್ಯಾಂಟ್ ಕಂಡ್ರೆ ಮಾತ್ರ ಅದಕ್ಕಾಗಲ್ಲ."

ನಿರ್ದೇಶಕರು ಹಾಕಿದ್ದು ಬೂದು ಬಣ್ಣದ ಪ್ಯಾಂಟೇ.

ಪರ್ರ್ ಎಂದು ಪ್ಯಾಂಟು ಹರಿದ ಸದ್ದಾಯಿತು. ಪಾರ್ಕಿಗೆ ಪಾರ್ಕೇ ಬಂದು ಸುತ್ತ ನೆರೆಯಿತು. ಒಬ್ಬರು ಇಂಜೆಕ್ಷನ್ ಅಂದರು, ಇನ್ನೊಬ್ಬರು ಪೊಲೀಸು ಅಂದರು, ಮೂರನೆಯವರು ನಾಯಿಗೆ ಬಿಸ್ಕತ್ತು ಕೊಟ್ಟರು. ಸಲಹೆಗಾರ ಆ ಹೊತ್ತಿಗೆ ಓಟ ಕೀಳಬೇಕಿತ್ತು. ಆದರೆ ನಿರ್ದೇಶಕರು "ಯಾರ್ರೀ ನೀವು?" ಎಂದದ್ದೇ ತಡ, ಅವನ ಕೈ ಅಭ್ಯಾಸಬಲದಿಂದ ಜೇಬಿಗೆ ಹೋಗಿ ವಿಸಿಟಿಂಗ್ ಕಾರ್ಡು ತೆಗೆದು ಕೊಟ್ಟುಬಿಟ್ಟಿತು. ಈ ಕಸುಬಿನವರ ಹಣೆಬರಹವೇ ಇಷ್ಟು.

ಅವರು ಕಾರ್ಡನ್ನು ಎರಡು ಸಲ ಓದಿದರು. "ಹನ್ನೊಂದಕ್ಕೆ ಆಫೀಸಿಗೆ ಬನ್ನಿ."

ಹನ್ನೊಂದಕ್ಕೆ ಜವಾನ ಅವನನ್ನು ನೋಡಿ ನಕ್ಕ. "ನಾಯಿಯವರು ನೀವೇನಾ? ಸೀದಾ ಒಳಗೆ ಹೋಗ್ಬೇಕಂತೆ." ನಾಲ್ಕು ವರ್ಷದಲ್ಲಿ ಕಾಯದೆ ಒಳಗೆ ಹೋದದ್ದು ಅದೇ ಮೊದಲು. ಅದಕ್ಕೆ ಸಂತೋಷಪಡುವ ಸ್ಥಿತಿಯಲ್ಲಿ ಅವನಿರಲಿಲ್ಲ.

ಒಳಗೆ ಅಲಮಾರು ಖಾಲಿ. ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆಗಳು. ತನ್ನ ಕಂಪನಿಯ ಮೇಲೆ ತನಿಖೆ ಮಾಡಲು ಹಳೆಯ ಫೈಲುಗಳನ್ನೆಲ್ಲ ತೆಗೆಸಿದ್ದಾರೆ ಎಂದುಕೊಂಡು ಅವನ ಜೀವ ಬಾಯಿಗೆ ಬಂತು.

"ನಿಮ್ಮ ಬಾಸ್ ಹೇಗೆ? ಕೋಪಿಷ್ಠರಾ?" ನಿರ್ದೇಶಕರು ಕೇಳಿದರು.

"ಛೆ ಛೆ, ಹಸು ಸಾರ್! ನನ್ನನ್ನ ಒಡಹುಟ್ಟಿದ ತಮ್ಮನ ಥರ ನೋಡ್ಕೋತಾರೆ."

"ಕೆಲಸ ಜಾಸ್ತಿನಾ?"

"ಎಲ್ಲಿದೆ ಸಾರ್ ಕೆಲಸ! ಹತ್ತಕ್ಕೆ ಬಂದ್ರೂ ನಡೆಯುತ್ತೆ, ಹನ್ನೊಂದಕ್ಕೆ ಬಂದ್ರೂ ನಡೆಯುತ್ತೆ."

"ಕೂರೋಕೆ ಅನುಕೂಲ ಇದೆಯಾ?"

ಇಲ್ಲಿ ಮಾತ್ರ ಅವನು ಸುಳ್ಳು ಹೇಳಬೇಕಾಗಲಿಲ್ಲ. "ಒಂದು ಕೋಣೆ ಇದೆ ಸಾರ್! ಸಂಜೆ ಕಿಟಕಿಯಿಂದ ಬಿಸಿಲು ಬರುತ್ತೆ. ಬಾಗಿಲು ಹಾಕ್ಕೊಂಡ್ರೆ ಒಂದು ನರಪಿಳ್ಳೆಯ ಸದ್ದೂ ಇಲ್ಲ. ಕುರ್ಚಿ ಪೂರ್ತಿ ಒಂದು ಸುತ್ತು ತಿರುಗುತ್ತೆ ಸಾರ್!" ಹೇಳುತ್ತ ಹೇಳುತ್ತ ಅವನು ಬೆರಳಿನಿಂದ ಗಾಳಿಯಲ್ಲಿ ಒಂದು ಸುತ್ತು ಬರೆದು ತೋರಿಸಿದ.

ನಿರ್ದೇಶಕರು ಮೂಲೆಯ ಪೆಟ್ಟಿಗೆಗಳ ಕಡೆ ನೋಡಿ, "ಸರಿ, ಹೊರಡಿ. ನಿಮ್ಮ ಬೆಲ್ ಫೈಲು ಇವತ್ತು ಆಗಲ್ಲ" ಎಂದರು.

ಐದೂವರೆಯವರೆಗೂ ಬೀದಿ ಸುತ್ತಿ, ಹೆಂಡತಿಗೆ ಏನು ಹೇಳುವುದೆಂದು ಮೂರು ಬಗೆಯಾಗಿ ಅಭ್ಯಾಸ ಮಾಡಿಕೊಂಡು ಅವನು ಆಫೀಸು ಸೇರಿದ. ಬಾಸ್ ಎದ್ದು ಬಂದು ಗಟ್ಟಿಯಾಗಿ ತಬ್ಬಿಕೊಂಡರು.

"ಏನು ಮೋಡಿ ಮಾಡಿದ್ರೀ? ಆ ಮನುಷ್ಯನಿಗೆ ಇವತ್ತು ನಿವೃತ್ತಿ. ಆಮೇಲೆ ನಮ್ಮಲ್ಲಿಗೆ ಬನ್ನಿ ಅಂತ ಎರಡು ವರ್ಷದಿಂದ ಗೋಗರೀತಿದ್ದೆ, ಜಪ್ಪಯ್ಯ ಅಂದ್ರೂ ಒಪ್ಪಿರ್ಲಿಲ್ಲ. ನಿಮ್ಮ ಮಾತು ಕೇಳಿ ಮನಸ್ಸು ಬದಲಾಯಿಸಿದ್ರಂತೆ. ಆಗ್ಲೇ ಬಂದು ಕೂತಾಯ್ತು!"

"ಫೈಲು, ಸಾರ್?"

"ನಾಳೆ ಹೊಸ ನಿರ್ದೇಶಕರು ಬರ್ತಾರೆ. ಅವರ ಬಾಗಿಲಲ್ಲಿ ಕಾಯಿರಿ."

"ಹಾಗಾದ್ರೆ... ನನ್ನ ಕೆಲಸ ಹೋಗಿಲ್ವಾ?"

"ಯಾಕ್ರೀ ಹೋಗುತ್ತೆ? ಪ್ಯಾಂಟ್ ಹರಿದ ಮೇಲೂ ನಿಂತು ಕಾರ್ಡ್ ಕೊಟ್ಟ ಪ್ರಾಮಾಣಿಕ, ಬಿಡಬೇಡಿ ಅಂತ ಅವರೇ ಹೇಳಿದ್ರು."

ಬೆಳಿಗ್ಗೆಯಿಂದ ಎದೆಯ ಮೇಲೆ ಕೂತಿದ್ದ ಬಂಡೆ ಇಳಿಯಿತು. ಅಬ್ಬ, ಬದುಕಿದೆ ಎನ್ನುತ್ತ ಅವನು ಜೆರಾಕ್ಸ್ ಮೆಷಿನ್ ಮೇಲೆ ಕೈಯೂರಿದ. ಅದು ಒಂದು ಖಾಲಿ ಹಾಳೆಯನ್ನು ಕಕ್ಕಿತು. ತನ್ನ ಮೇಜನ್ನು ಅವನು ಅಷ್ಟು ಪ್ರೀತಿಯಿಂದ ಎಂದೂ ನೋಡಿರಲಿಲ್ಲ.

ಅಷ್ಟರಲ್ಲಿ ಕೋಣೆಯೊಳಗೆ ಕುರ್ಚಿ ಪೂರ್ತಿ ಒಂದು ಸುತ್ತು ತಿರುಗಿದ ಸದ್ದು ಕೇಳಿಸಿತು.

"ಏನ್ರೀ, ಬಿಸಿಲು ಬರುತ್ತೆ ಅಂದ್ರಿ, ನಿಜ. ಕಿಟಕಿಗೆ ಪರದೆ ಇಲ್ಲ ಅನ್ಲೇ ಇಲ್ವಲ್ಲ?"

ಸಲಹೆಗಾರ ಚೀಲದಿಂದ ನೀಲಿ ಹೂವಿನ ಪರದೆ ತೆಗೆದು, ಸ್ಟೂಲು ಹತ್ತಿ, ಕಿಟಕಿಗೆ ಹಾಕಿದ. ಅಳತೆ ಸರಿಯಾಗಿತ್ತು.