ಮೀನಿನ ಪೆಟ್ಟಿಗೆಯಲ್ಲಿ ನಾಗಪ್ಪ

ಮೊಟ್ಟೆ ಬಿರುಕು ಬಿಡುವುದು ದೊಡ್ಡ ಸಂಗತಿಯಲ್ಲ. ಆದರೆ ಎಂಟು ತಿಂಗಳು ತುಟಿಪಿಟಿಕ್ಕೆನ್ನದೆ ಬಿದ್ದಿದ್ದ ಮೊಟ್ಟೆ, ಹೆಣ್ಣಿನ ಕಡೆಯವರು ಮನೆ ನೋಡಲು ಬರುವ ಭಾನುವಾರವನ್ನೇ ಆರಿಸಿಕೊಂಡು ಬೆಳಿಗ್ಗೆ ಎಂಟೂವರೆಗೆ ಬಿರುಕು ಬಿಟ್ಟರೆ ಪ್ರಸನ್ನಕುಮಾರನಂಥವನು ಏನು ಮಾಡಬೇಕು? ಅವನು ಅರ್ಧ ಗಡ್ಡ ಹೆರೆದುಕೊಂಡಿದ್ದ. ಉಳಿದರ್ಧವನ್ನು ಹಾಗೇ ಬಿಟ್ಟು ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತ.

ಬಾಳೂರಿನಲ್ಲಿ ಅವನದು ಮೋಟರ್ ವೈಂಡಿಂಗ್ ಅಂಗಡಿ. ಸುತ್ತಿನ ಎಸ್ಟೇಟುಗಳ ಪಂಪುಗಳೆಲ್ಲ ಸುಟ್ಟುಕೊಂಡು ಅವನ ಬಳಿಗೇ ಬರುತ್ತಿದ್ದವು. ವಯಸ್ಸು ಮೂವತ್ತಾರು, ಆರು ಸಂಬಂಧ ತಪ್ಪಿದ್ದವು. ಹೋದ ಅಕ್ಟೋಬರಿನಲ್ಲಿ ಹೊಸ ಮನೆಯ ಅಂಗಳ ಸಮ ಮಾಡಿಸುವಾಗ ಹುತ್ತವೊಂದು ಒಡೆದು ಒಳಗೆ ಬೆಳ್ಳನೆಯ ಮೊಟ್ಟೆಗಳು ಕಂಡವು. ಹುತ್ತ ಎಂದ ಮೇಲೆ ನಾಗಪ್ಪನದೇ, ಅದರಲ್ಲಿ ವಿಚಾರಿಸುವುದೇನಿದೆ? ಎದುರುಮನೆಯ ಪಾಪಮ್ಮ ನಿಂತಲ್ಲೇ ತೀರ್ಪು ಕೊಟ್ಟರು: ನಾಗನ ಮಕ್ಕಳನ್ನು ಬೀದಿಪಾಲು ಮಾಡಿದವನಿಗೆ ಹೆಣ್ಣು ಸಿಕ್ಕುವುದಿಲ್ಲ, ಮರಿ ಮಾಡಿಸಿ ಕಾಡಿಗೆ ಬಿಟ್ಟರೆ ಸಿಕ್ಕೀತು.

ಕಾವು ಕೊಡುವ ಕೆಲಸ ಹೀಗೆ ಶುರುವಾಯಿತು. ಎಸ್ಟೇಟಿನ ಅತಿಥಿಯೊಬ್ಬರು ಬಿಟ್ಟುಹೋದ ಇಂಗ್ಲಿಷ್ ಪತ್ರಿಕೆಯಲ್ಲಿ ಬಾಲ್ ಪೈಥಾನ್ ಎಂಬ, ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುವ ಹೆಬ್ಬಾವಿನ ವಿಷಯ ಬಂದಿತ್ತು. ಅಮೆರಿಕದವರು ಅದರ ಮೊಟ್ಟೆಗಳನ್ನು ಮನೆಯಲ್ಲೇ ಮರಿ ಮಾಡಿಸುತ್ತಾರಂತೆ. ಮೂವತ್ತೊಂದೂವರೆ ಡಿಗ್ರಿ ಬಿಸಿ, ಶ್ರಾವಣದ ಗಾಳಿಯಷ್ಟು ತೇವ, ಮೊಟ್ಟೆ ಹೊರಳಿಸಕೂಡದು, ಅರವತ್ತು ದಿನ. ಯಾವ ಹಾವಾದರೂ ಹಾವೇ ತಾನೇ ಎಂದು ಪ್ರಸನ್ನ ಮಂಗಳೂರಿಂದ ಮೀನು ಬರುವ ಥರ್ಮಕೋಲ್ ಪೆಟ್ಟಿಗೆ ತಂದ. ಒಳಗೊಂದು ಬಲ್ಬು ಇಟ್ಟು, ಬಿಸಿ ಹೆಚ್ಚುಕಮ್ಮಿ ಮಾಡಲು ಫ್ಯಾನಿನ ರೆಗ್ಯುಲೇಟರ್ ಜೋಡಿಸಿದ. ಎಷ್ಟು ಸಲ ತೊಳೆದರೂ ಪೆಟ್ಟಿಗೆ ಬಂಗುಡೆ ಮೀನನ್ನು ಮರೆಯಲಿಲ್ಲ.

ಅರವತ್ತು ದಿನ ಡಿಸೆಂಬರಿಗೇ ಮುಗಿದವು. ಕರೆಂಟು ಹೋಗಿಬಂದು ಮಾಡುವುದರಿಂದ ತಡ ಎಂದು ಪ್ರಸನ್ನ. ಹೊರಳಿಸದ್ದರಿಂದ ತಡ ಎಂದು ಮನೆ ಗುಡಿಸಲು ಬರುವ ನಂಜಮ್ಮ. ಮೂವತ್ತು ವರ್ಷ ಎಸ್ಟೇಟಿನ ಕಣದಲ್ಲಿ ಕಾಫಿ ಒಣಗಿಸಿದವಳು ಆಕೆ. ಹರವಿದ್ದನ್ನು ಗಂಟೆಗೊಮ್ಮೆ ಕೈಯಾಡಿಸದಿದ್ದರೆ ಅನ್ನ ಸೇರುತ್ತಿರಲಿಲ್ಲ. ಆಕೆಯಿಂದ ಕಾಪಾಡಲು ಪ್ರಸನ್ನ ಪ್ರತಿ ಮೊಟ್ಟೆಯ ನೆತ್ತಿಗೂ ಪೆನ್ಸಿಲಿನಿಂದ ಗುರುತು ಹಾಕಿದ. ನಂಜಮ್ಮ ಗುರುತುಗಳನ್ನೆಲ್ಲ ಅಚ್ಚುಕಟ್ಟಾಗಿ ಕೆಳಮುಖ ಮಾಡಿ ಹೋದಳು.

ಅಷ್ಟರಲ್ಲಿ ಏಳನೆಯ ಸಂಬಂಧ ಬಂತು. ಚಿಕ್ಕಮಗಳೂರಿನ ನಿವೃತ್ತ ಗಣಿತದ ಮೇಷ್ಟ್ರು ಬಸವರಾಜು ಅವರ ಮಗಳು ರಶ್ಮಿ. ಹೆಣ್ಣು ನೋಡಲು ಹೋದ ದಿನ ಅವರ ಮಿಕ್ಸಿ ಕೆಟ್ಟಿತ್ತು. ರಶ್ಮಿ ತಾನೇ ಬಿಚ್ಚಿ, ಕಾರ್ಬನ್ ಬ್ರಷ್ ಬದಲಿಸಿ, ಚಟ್ನಿ ರುಬ್ಬಿ ತಂದಿಟ್ಟಳು. ಅಂದಿನಿಂದ ಪ್ರಸನ್ನನಿಗೆ ಬೇರೆ ಯಾವ ಊಟವೂ ರುಚಿಸುತ್ತಿರಲಿಲ್ಲ. ಎರಡೂ ಕಡೆ ಒಪ್ಪಿಗೆಯಾಗಿ, ಮನೆ ನೋಡುವ ಶಾಸ್ತ್ರವೊಂದು ಉಳಿದಿತ್ತು.

ಬಿರಿಯುವ ಮೊಟ್ಟೆಯನ್ನು ಅಲುಗಿಸಬಾರದೆಂದು ಪತ್ರಿಕೆ ಹೇಳಿತ್ತು. ಪೆಟ್ಟಿಗೆ ನಡುಮನೆಯಲ್ಲೇ ಇರಲಿ, ಶಾಲು ಹೊದಿಸಿ ಮೇಲೊಂದು ಹೂದಾನಿ ಇಟ್ಟರೆ ಟೀಪಾಯಿ ಅಂದುಕೊಳ್ಳುತ್ತಾರೆ ಎಂದು ಪ್ರಸನ್ನ ಯೋಚಿಸಿದ. ಯೋಚನೆ ಚೆನ್ನಾಗಿತ್ತು. ಹತ್ತು ಗಂಟೆಗೆ ಕರೆಂಟು ಹೋಯಿತು.

ಕರೆಂಟು ತನ್ನ ಮನೆಯಲ್ಲಿ ಮಾತ್ರ ಹೋಗಿಲ್ಲವಷ್ಟೇ ಎಂದು ಖಾತ್ರಿ ಮಾಡಿಕೊಳ್ಳಲು ಬಂದ ಪಕ್ಕದಮನೆ ಓಂಕಾರಪ್ಪ ಬಿರುಕು ಕಂಡ. ಓಂಕಾರಪ್ಪ ಕಂಡದ್ದು ಊರು ಕಂಡಂತೆ. ಐದು ನಿಮಿಷದಲ್ಲಿ ಪಾಪಮ್ಮ ಹಾಲು, ಅರಿಶಿನದೊಂದಿಗೆ ಬಂದರು. ಕಾವು ಆರಬಾರದೆಂದು ಓಂಕಾರಪ್ಪ ಕಂಬಳಿ ತಂದ, ನಂಜಮ್ಮ ಬಾಟಲಿಗಳಲ್ಲಿ ಬಚ್ಚಲ ಬಿಸಿನೀರು ತಂದಳು. ಸಾಲದೆಂದು ಪಾಪಮ್ಮ, ಪ್ರಸನ್ನ ಉಡಲೆಂದು ಇಸ್ತ್ರಿ ಮಾಡಿಟ್ಟಿದ್ದ ರೇಷ್ಮೆ ಪಂಚೆಯನ್ನೂ ಪೆಟ್ಟಿಗೆಗೇ ಸುತ್ತಿದರು.

"ಏನೇ ಆದ್ರೂ ಮೈಬಿಸಿಗೆ ಸಮ ಇಲ್ಲ ಮಾರಾಯ. ತಬ್ಬಿ ಕೂತ್ಕ," ಎಂದ ಓಂಕಾರಪ್ಪ.

ಪ್ರಸನ್ನ ತಬ್ಬಿ ಕೂತ.

ಹನ್ನೊಂದಕ್ಕೆ ಜೀಪು ಬಂತು. ಬಸವರಾಜು ಮೇಷ್ಟ್ರ ಕಣ್ಣಿಗೆ ಬಿದ್ದದ್ದು ಅರ್ಧ ಗಡ್ಡದ, ಲುಂಗಿಯುಟ್ಟ ಭಾವೀ ಅಳಿಯ ಕಂಬಳಿ ಹೊದ್ದ ಪೆಟ್ಟಿಗೆಯನ್ನು ಅಪ್ಪಿಕೊಂಡ ನೋಟ. ಮೂಗಿಗೆ ಬಿದ್ದದ್ದು ಬಂಗುಡೆ. ಅವರದು ಬೆಳ್ಳುಳ್ಳಿಯನ್ನೂ ಯೋಚಿಸಿ ತಿನ್ನುವ ಮನೆತನ.

"ಮೀನಿನ ವ್ಯಾಪಾರನೂ ಇದೆಯಾ ನಿಮ್ದು?" ಎಂದು ಹೊಸ್ತಿಲಲ್ಲೇ ನಿಂತು ಶಾಂತವಾಗಿ ಕೇಳಿದರು.

ಪ್ರಸನ್ನ ಬಾಯಿ ತೆರೆಯುವ ಮೊದಲೇ ಪಾಪಮ್ಮ ಎದ್ದರು. "ಚಪ್ಪಲಿ ಹೊರಗೆ ಬಿಟ್ಟು ಬನ್ನಿ ಮೇಷ್ಟ್ರೇ. ನಾಗಪ್ಪ ಹುಟ್ತಾ ಇದಾನೆ."

ಹುತ್ತದಿಂದ ಹಿಡಿದು ಎಂಟು ತಿಂಗಳ ಕತೆಯನ್ನು ಪಾಪಮ್ಮ ಒಂದೇ ಉಸಿರಿನಲ್ಲಿ ಹೇಳಿದರು. ಮೇಷ್ಟ್ರ ಮುಖ ದೋಸೆಕಾವಲಿಯ ಮೇಲಿನ ಬೆಣ್ಣೆಯಂತೆ ಕರಗಿತು. ಹಾವಿನ ಮೊಟ್ಟೆಯನ್ನೇ ಇಷ್ಟು ಜೋಪಾನ ಮಾಡಿದವನು ಹೆಂಡತಿಯನ್ನು ನೋಡಿಕೊಳ್ಳದಿರುತ್ತಾನೆಯೇ ಎಂದು ಮಗಳಿಗೆ ಹೇಳಿ, ಇಲ್ಲೇ ತಾಂಬೂಲ ಬದಲಿಸಿಬಿಡೋಣ ಎಂದರು. ರಶ್ಮಿ ಕಂಬಳಿ ಸರಿಸಿ, ಮುಚ್ಚಳ ತೆಗೆದು ಪೆಟ್ಟಿಗೆಯ ವೈರಿಂಗ್ ನೋಡುತ್ತಿದ್ದಳು. "ರೆಗ್ಯುಲೇಟರ್ ಹಾಕಿದ್ದು ಚೆನ್ನಾಗಿದೆ," ಎಂದಳು. ಯಾರೂ ಯಾವತ್ತೂ ಪ್ರಸನ್ನನಿಗೆ ಇಷ್ಟು ಸಿಹಿಯಾದ ಮಾತಾಡಿರಲಿಲ್ಲ.

ಆಗಲೇ ಬಿರುಕಿನಿಂದ ಪುಟ್ಟ ತಲೆ ಹೊರಬಂತು. ಸೀಳು ನಾಲಿಗೆ ಒಮ್ಮೆ ಆಡಿತು. ಎಲ್ಲರೂ ಕೈಮುಗಿದರು. ಪಾಪಮ್ಮ ಹಾಲೆರೆದರು. ಮರಿ ಸ್ವಲ್ಪ ಹೊತ್ತು ಯೋಚಿಸಿ, ಬಸ್ಸಿನಿಂದ ಇಳಿಯುವವರು ಕಂಬಿ ಹಿಡಿಯುವಂತೆ, ಮೊಟ್ಟೆಯ ಅಂಚಿಗೆ ಕೈಯಿಟ್ಟಿತು. ಐದು ಬೆರಳು. ಐದಕ್ಕೂ ಉಗುರು.

"ಅಪ್ಪಾ, ನಾಗಪ್ಪಂಗೆ ಕೈ ಇದೆ," ಎಂದಳು ರಶ್ಮಿ.

ಇನ್ನೊಂದು ಕೈ ಬಂತು, ಆಮೇಲೆ ಎರಡು ಕಾಲು, ಕೊನೆಗೆ ಬಾಲ. ಸರ್ವಾಂಗ ಸಂಪೂರ್ಣವಾದ ಉಡದ ಮರಿ.

"ಹೊರಳಿಸಿದ್ದು ಜಾಸ್ತಿ ಆಯ್ತೇನೋ," ಎಂದಳು ನಂಜಮ್ಮ ಮೆಲ್ಲಗೆ.

ಪಾಪಮ್ಮ ಅರಿಶಿನದ ಬಟ್ಟಲನ್ನು ಸೆರಗಿನಡಿಗೆ ತೆಗೆದುಕೊಂಡರು. ಉಡ ಹೊಕ್ಕ ಮನೆಗೆ ಬೀಗ ಹಾಕಿ ಆರು ತಿಂಗಳು ಹೊರಗಿರಬೇಕು, ಅಲ್ಲಿಯವರೆಗೆ ಒಲೆ ಹೊತ್ತಿಸಕೂಡದು, ಹೆಣ್ಣು ತರಕೂಡದು ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ಕಟ್ಟಳೆ. ಇದು ತಾನಾಗಿ ಹೊಕ್ಕದ್ದಲ್ಲ, ನಾನೇ ತಂದದ್ದು ಎಂದು ಪ್ರಸನ್ನ ವಾದಿಸಿ ನೋಡಿದ.

"ಹಂಗಾದ್ರೆ ಕರೆದು ಕೂರಿಸಿದಂಗಾಯ್ತು. ಅದು ಇನ್ನೂ ಕೆಟ್ಟದ್ದು," ಎಂದರು ಪಾಪಮ್ಮ.

ಮೇಷ್ಟ್ರು ಮಗಳ ಮುಖ ನೋಡಿದರು. ಅವಳು ಇನ್ನೂ ರೆಗ್ಯುಲೇಟರ್ ತಿರುಗಿಸುತ್ತಿದ್ದಳು. ಒಳ್ಳೆಯ ಮನುಷ್ಯ ಅವರು, ನಿಟ್ಟುಸಿರು ಬಿಟ್ಟು, "ಆರು ತಿಂಗಳು ತಾನೇ? ಮಾರ್ಗಶಿರದಲ್ಲಿ ಮಾಡೋಣ. ಕಾಯ್ತೀವಿ," ಎಂದರು.

ಪ್ರಸನ್ನನಿಗೆ ಹೋದ ಜೀವ ಬಂತು. ಓಂಕಾರಪ್ಪನ ಜಗಲಿಯಲ್ಲಿ ಆರು ತಿಂಗಳೇನು, ಏಳು ತಿಂಗಳಾದರೂ ಮಲಗಲು ಅವನು ತಯಾರಿದ್ದ.

ಪೆಟ್ಟಿಗೆಯಲ್ಲಿ ಮತ್ತೊಂದು ಮೊಟ್ಟೆ ಟಿಕ್ ಎಂದಿತು. ಅದರ ಪಕ್ಕದ್ದೂ ಎಂದಿತು.

"ಆರು ತಿಂಗಳು ಅನ್ನೋದು ಒಂದು ಉಡಕ್ಕೆ, ಮೇಷ್ಟ್ರೇ," ಎಂದರು ಪಾಪಮ್ಮ.

ಮೇಷ್ಟ್ರು ಕನ್ನಡಕ ಏರಿಸಿ, ಬಗ್ಗಿ, ಬೆರಳಿಟ್ಟು ಎಣಿಸಿದರು. ಬಿರಿದದ್ದೂ ಸೇರಿ ಹದಿನೆಂಟು. ಕಣ್ಣುಮುಚ್ಚಿ ಗುಣಿಸಿದರು. ಮಗಳ ಕೈ ಹಿಡಿದು ಹೊಸ್ತಿಲು ದಾಟಿ, ಚಪ್ಪಲಿ ಮೆಟ್ಟಿಕೊಂಡು ತಿರುಗಿದರು.

"ನೂರೆಂಟು ತಿಂಗಳು," ಎಂದರು. "ಸಂಖ್ಯೆ ಏನೋ ಶುಭವಾಗಿದೆ."