ಮಾವಶಿಯನ್ನು ಬಿಟ್ಟ ನಲವತ್ತು ದಿನ

ನಮ್ಮ ಮಾವಶಿಯಷ್ಟು ಭಕ್ತಿಯಿಂದ ದೇವರಿಗೆ ತೊಂದರೆ ಕೊಟ್ಟವರು ಇಡೀ ಕಾರವಾರ ಸೀಮೆಯಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ! ಅವಳು ಅಮ್ಮನ ಅಕ್ಕ, ಮದುವೆಯಾಗದವಳು, ಇದ್ದದ್ದು ಅಂಕೋಲೆಯಲ್ಲಿ. ಬೂದಿ ಬುಧವಾರದ ಹಿಂದಿನ ದಿನ ಒಂದು ಚೀಲ ಹಿಡಿದು ಶಿರವಾಡದ ನಮ್ಮ ಮನೆಗೆ ಬಂದಿಳಿದಳೆಂದರೆ ಈಸ್ಟರ್ ತನಕದ ನಲವತ್ತು ದಿನ, ಏನಾದರೊಂದನ್ನು ಬಿಟ್ಟು ವ್ರತ ಹಿಡಿಯುವ ನಮ್ಮ ತಪಸ್ಸುಕಾಲದ ಉಸ್ತುವಾರಿ ಅವಳದೇ. ಇಗರ್ಜಿಯಲ್ಲಿ ಪಾದ್ರಿಗಳು ಹಣೆಗೆ ಬೂದಿ ಹಚ್ಚಿ ಸುಮ್ಮನಾಗುತ್ತಿದ್ದರು. ಮಾವಶಿ ಸುಮ್ಮನಾಗುವವಳೇ?

ಅವಳ ಕಾನೂನು ಒಂದೇ. "ಪ್ರೀತಿಯದ್ದನ್ನೇ ಬಿಡ್ಬೇಕು. ಬೇಡಾದ್ದನ್ನ ಬಿಟ್ರೆ ದೇವರಿಗೆ ಎಂಥ ಲಾಭ?"

ನನ್ನ ತಮ್ಮ, ಹಾಗಲಕಾಯಿ ಬಿಡುತ್ತೇನೆಂದ. "ಹಾಗಾದ್ರೆ ನಲವತ್ತು ದಿನವೂ ನಿಂಗೆ ಅದೇ ಪಲ್ಯ," ಎಂದಳು.

ತನಗೂ ರಿಯಾಯಿತಿ ಇರಲಿಲ್ಲ. ಚಹಾ ಬಿಟ್ಟಳು, ಅಪ್ಪನ ಲೋಟ ಕಂಡರೆ ಮಾತ್ರ ಬಗ್ಗಿ ಮೂಸುತ್ತಿದ್ದಳು. ಮೀನು ಬಿಟ್ಟಳು. ಕಾರವಾರದಲ್ಲಿ ಮೀನು! ಆದರೂ ಮೀನಿನವಳ ಕೂಗು ಕೇಳಿದರೆ ಮೊದಲು ಓಡುವವಳು ಅವಳೇ. ಒಂದೊಂದು ಬಂಗಡೆಯನ್ನೂ ಕಿವಿರೆತ್ತಿ ನೋಡುವಳು.

"ತಗೊಳೂದಿಲ್ಲ ಅಂದ್ರೆ ಕಿವಿರು ಯಾಕೆ ಎತ್ತೂದು ಬಾಯಿ?"

"ತಿನ್ನೂದು ಬಿಟ್ಟದ್ದು ಗೋ, ನೋಡೂದು ಬಿಟ್ಟಿಲ್ಲ!"

ನನಗೆ ಹನ್ನೊಂದಾದ ವರ್ಷ, ಎರಡು ಸಾವಿರದ ಮೂರಿರಬೇಕು, ಅವಳು ಮಿತಿ ಮೀರಿದಳು. ತಪಸ್ಸುಕಾಲದ ಕೊನೆಗೆ ಇಗರ್ಜಿಯ ಪ್ರತಿಮೆಗಳಿಗೆ ನೇರಳೆ ಬಟ್ಟೆ ಹೊದಿಸುತ್ತಾರಲ್ಲ, ಹಾಗೆ ಮೊದಲ ದಿನವೇ ನಮ್ಮ ಟಿ.ವಿ.ಗೆ ತನ್ನ ಹಳೆಯ ನೇರಳೆ ಸೀರೆ ಹೊದಿಸಿ ಗಂಟು ಹಾಕಿದಳು! ಆ ಸಂಜೆ, ಯಾರು ಏನು ಬಿಡುತ್ತೇವೆಂದು ಚೀಟಿ ಬರೆದು ಬಿಸ್ಕೀಟು ಡಬ್ಬಿಗೆ ಹಾಕುವಾಗ, ನಾನು ಹಲ್ಲು ಕಚ್ಚಿ ಬರೆದೆ: "ಮಾವಶಿಯ ಜೊತೆ ಮಾತಾಡುವುದು." ಶುದ್ಧ ಸೇಡು. ಆಗಷ್ಟೇ ಶುರುಮಾಡಿದ್ದ ಡೈರಿಯಲ್ಲೂ ಹಾಗೆಯೇ ಇದೆ, ಕೆಳಗೆ ಎರಡು ಗೆರೆ ಎಳೆದು.

ಜಪಸರ ಮುಗಿದ ಮೇಲೆ ಚೀಟಿಗಳನ್ನು ಅವಳೇ ಗಟ್ಟಿಯಾಗಿ ಓದುವ ರೂಢಿ. ನನ್ನದನ್ನೂ ಓದಿದಳು. ಅಮ್ಮ ನನಗೆ ಬಾರಿಸಲು ಕೈಯೆತ್ತಿದಳು. ಮಾವಶಿ ಆ ಕೈ ಹಿಡಿದಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು.

"ಹೊಡೀಬೇಡ ಗೋ. ಇಷ್ಟು ವರ್ಷದಲ್ಲಿ ಇವಳೊಬ್ಬಳಿಗೆ ತಿಳೀತು ನೋಡು. ಪ್ರೀತಿಯದ್ದನ್ನೇ ಬಿಟ್ಟಿದ್ದಾಳೆ!"

ನಾನು ಬಾಯಿ ತೆರೆದೆ. ಅವಳು ನನ್ನ ತುಟಿಗೆ ಬೆರಳಿಟ್ಟಳು. ವ್ರತ ಆಗಲೇ ಶುರುವಾಗಿತ್ತಲ್ಲ!

"ನಮ್ಮ ಹುಡುಗಿ ನನ್ನನ್ನೇ ಬಿಟ್ಟಿದ್ದಾಳೆ!" ಎಂದು ಕೇರಿಗೆಲ್ಲ ಹೇಳಿಕೊಂಡು ಬಂದಳು. ಕೇಳಿದವರು ಕನಿಕರಪಟ್ಟರೆ ಇವಳಿಗೆ ಅವರ ಬುದ್ಧಿಯ ಬಗ್ಗೆ ಕನಿಕರ. ನನ್ನ ವ್ರತ ಎಲ್ಲಿ ಮುರಿದೀತೋ ಎಂದು ತಾನೂ ನನ್ನೊಡನೆ ಮಾತು ನಿಲ್ಲಿಸಿದಳು. ನನಗೆ ಜ್ವರ ಬಂದಾಗ ಹಾಸಿಗೆಯ ಪಕ್ಕದಲ್ಲೇ ಕೂತು, ಹಣೆಗೆ ಒದ್ದೆ ಬಟ್ಟೆ ಇಡುತ್ತ, ತಮ್ಮನನ್ನು ಕರೆಯುತ್ತಿದ್ದಳು.

"ಹೇಳೋ ಅವಳಿಗೆ, ಗಂಜಿ ಬಿಸಿ ಇದೆ, ಊದಿ ಕುಡೀಲಿ."

"ಅಕ್ಕ, ಊದಿ ಕುಡೀಬೇಕಂತೆ."

"ಉಪ್ಪಿನಕಾಯಿ ಬೇಕು ಅಂತ ಹೇಳು."

"ಮಾವಶಿ, ಉಪ್ಪಿನಕಾಯಿ ಬೇಕಂತೆ. ನಂಗೂ ಬೇಕು!" ಹಾಗಲಕಾಯಿಯಿಂದ ಮೊದಲೇ ಬೇಸತ್ತ ಹುಡುಗ!

ಆ ಹೊತ್ತಿಗೆ ನನ್ನ ಸೇಡು ಕರಗಿಹೋಗಿತ್ತು. ಅದು ಪ್ರೀತಿಯಾಗಿರಲಿಲ್ಲ, ಸಿಟ್ಟಾಗಿತ್ತು ಎಂದು ಹೇಳಿಬಿಡಬೇಕು ಅನ್ನಿಸುತ್ತಿತ್ತು. ಆದರೆ ಹೇಳಬೇಕಾದರೆ ಮಾತಾಡಬೇಕಲ್ಲ? ಇಂಥ ಮಾತನ್ನು ತಮ್ಮನ ಕೈಯಲ್ಲಿ ಹೇಳಿಸಲಾಗುತ್ತದೆಯೇ?

ಮರುವರ್ಷದ ಬೂದಿ ಬುಧವಾರಕ್ಕೆ ಮಾವಶಿ ಬರಲಿಲ್ಲ. ನಡುವಿನ ಮಳೆಗಾಲದಲ್ಲಿ ಅಂಕೋಲೆಯಲ್ಲೇ ತೀರಿಕೊಂಡಿದ್ದಳು. ಹೇಳಬೇಕಾದ್ದು ನನ್ನಲ್ಲೇ ಉಳಿಯಿತು.

ಹೇಳಲು ಒಂದು ಅವಕಾಶವೇನೋ ಇತ್ತು, ಆ ಈಸ್ಟರಿನ ಬೆಳಿಗ್ಗೆ. ಡೈರಿಯ ಆ ಪುಟದಲ್ಲಿರುವುದು ಒಂದೇ ಸಾಲು: "ಮಟನ್ ಚೆನ್ನಾಗಿತ್ತು." ಹಾಗಾದರೆ ನನಗೆ ನೆನಪಿರುವುದು ನಿಜವೋ, ಆಮೇಲೆ ನಾನೇ ಕಟ್ಟಿಕೊಂಡದ್ದೋ? ಎಷ್ಟು ಸಲ ಕೇಳಿಕೊಂಡರೂ ತೀರ್ಮಾನವಾಗುವುದಿಲ್ಲ.

ನೆನಪಿರುವುದು ಇಷ್ಟು. ಇಗರ್ಜಿಯಿಂದ ಬಂದವಳು ಟಿ.ವಿ.ಯ ಗಂಟು ಬಿಚ್ಚಿದಳು. ಅಮ್ಮ ಕೊಟ್ಟ ಚಹಾವನ್ನು ಮೂಸಿಯೂ ನೋಡದೆ ಬದಿಗಿಟ್ಟು ನನ್ನೆದುರು ನೆಲಕ್ಕೆ ಕೂತಳು.

"ಮುಗೀತು ಗೋ. ಈಗ ಮಾತಾಡು."

ಹೇಳಬೇಕಾದ್ದನ್ನೆಲ್ಲ ಬಾಯಿಪಾಠ ಮಾಡಿಟ್ಟುಕೊಂಡಿದ್ದೆ. ಆ ಮುಖ ನೋಡಿದೆ.

"ಮಾವಶಿ," ಅಂದೆ.

"ಇನ್ನೊಂದ್ಸಲ ಹೇಳು," ಅಂದಳು.