ವೆಲೆನ್ಸಿಯಾದ ಬಾಣಲೆ, ಮನ್ರೋದ ಉಪ್ಪಿಟ್ಟು

ಅಕ್ಕ-ಭಾವನ ಜೊತೆ ಹೊರಟರೆ ಏನಾದರೂ ಆಗಿಯೇ ಆಗುತ್ತದೆ. ಮೊದಲೆಲ್ಲ ಕಾಕತಾಳೀಯ ಅಂದುಕೊಳ್ಳುತ್ತಿದ್ದೆ. ನಾನು ಓದಿದ್ದು ಸ್ಟ್ಯಾಟಿಸ್ಟಿಕ್ಸ್. ಈಗ ಹಾಗೆ ಅಂದುಕೊಳ್ಳುವುದಿಲ್ಲ.

ಹೋದ ವರ್ಷ ನ್ಯೂಜೆರ್ಸಿಯ ಮನ್ರೋದಲ್ಲಿ, ಮನೆಗೊಂದು ಅಡುಗೆ ತರುವ ಯುಗಾದಿ ಪಾಟ್‌ಲಕ್‌ನಲ್ಲಿ ಅಕ್ಕನ ಉಪ್ಪಿಟ್ಟು ತಳ ಹಿಡಿಯಿತು. ಪಕ್ಕದ ಬೀದಿಯ ಆಂಟಿ ಇಡೀ ಹಾಲ್‌ಗೆ ಕೇಳುವಂತೆ, "ಏನೋ ಸೀದ ವಾಸನೆ. ನನಗೊಬ್ಬಳಿಗೇ ಬರ್ತಿದೆಯಾ?" ಅಂದರು. ಇನ್ನೊಂದು ಸಲ ಹೀಗಾದರೆ ಅಕ್ಕನಿಗೆ ಪೇಪರ್ ಪ್ಲೇಟ್ ತರುವ ಕೆಲಸ. ಪಾಟ್‌ಲಕ್‌ನಲ್ಲಿ ಅದಕ್ಕಿಂತ ಕೆಳಗಿನ ಹುದ್ದೆಯಿಲ್ಲ.

ತಪ್ಪು ಪಾತ್ರೆಯದು ಎಂದು ಅಕ್ಕ ತೀರ್ಮಾನಿಸಿದಳು. ಅಗಲವಾದ, ಆಳವಿಲ್ಲದ ಬಾಣಲೆ ಬೇಕು. ಅದು ಸಿಗುವುದು ಸ್ಪೇನಿನ ವೆಲೆನ್ಸಿಯಾದಲ್ಲಿ. ಅಲ್ಲಿ ಪಯೇಯಾ ಎಂಬ ಅನ್ನವನ್ನು ಮಾಡುವುದೇ ಅಂಥದ್ದರಲ್ಲಿ. ಮಾರಿಸ್‌ಟೌನಿನ ಆಫೀಸಿಗೆ ರಜೆ ಹಾಕಿ ನಾನೂ ಹೊರಟೆ.

ಆರೂವರೆ

ಭಾವ ಮನ್ರೋದಲ್ಲಿ ಸಂಜೆ ಆರೂವರೆಗೆ ಊಟ ಮುಗಿಸುವವರು. ವೆಲೆನ್ಸಿಯಾದಲ್ಲೂ ಆರೂವರೆಗೆ ಹೋಟೆಲಿನ ಬಾಗಿಲಲ್ಲಿ ನಿಂತರು. ಊಟ ಶುರುವಾಗುವುದು ಎಂಟೂವರೆಗೆ ಎಂದ ವೇಟರ್. ಒಳಗೆ ಕೆಲಸದವರೆಲ್ಲ ಒಂದೇ ಮೇಜಿಗೆ ಕೂತು ತಿನ್ನುತ್ತಿದ್ದರು.

"ನೋಡೋ, ಅವರಿಗೆ ಮಾತ್ರ ಹಸಿವಾಗುತ್ತೆ."

"ಒಂದು ಸುತ್ತು ಹಾಕಿ ಬರೋಣ, ಭಾವ."

"ಎರಡು ಗಂಟೆ ಸುತ್ತು ಹಾಕಿದರೆ ಫ್ರಾನ್ಸ್ ಬಂದುಬಿಡುತ್ತೆ."

ಅಕ್ಕ ಬ್ಯಾಗಿನಿಂದ ಚಪಾತಿ, ಚಟ್ನಿಪುಡಿ ತೆಗೆದಳು. ಎಂಟೂವರೆಗೆ ಹೋಟೆಲ್ ತೆರೆದಾಗ ಅದರ ಮೊದಲ ಗಿರಾಕಿ ಎದುರಿನ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದರು.

ತಳ

ಮರುದಿನ ಮಧ್ಯಾಹ್ನ ಬರೀ ತರಕಾರಿಯ ಪಯೇಯಾ ಸಿಕ್ಕಿತು. ಕೊನೆಗೆ ವೇಟರ್ ಬಾಣಲೆಯ ತಳಕ್ಕೆ ಅಂಟಿದ್ದ ಕಂದು ಹಕ್ಕಳೆಯನ್ನು ಕೆರೆದು, ದೇವರಿಗೆ ಹೂ ಏರಿಸುವಷ್ಟು ಭಕ್ತಿಯಿಂದ ಅಕ್ಕನ ತಟ್ಟೆಗೆ ಬಡಿಸಿದ.

"ಸೊಕರಾಟ್, ಮೇಡಂ. ದಿ ಬೆಸ್ಟ್ ಪಾರ್ಟ್."

ಅಕ್ಕ ಅವನಿಗೆ ನಗುತ್ತಾ ಥ್ಯಾಂಕ್ಸ್ ಹೇಳಿ, ನನ್ನ ಕಡೆ ತಿರುಗಿದಳು. "ಮರ್ಯಾದೆ ನೋಡೋ. ಮನೆಗೆ ಬಂದವರಿಗೆ ಸೀದದ್ದು ಬಡಿಸ್ತಾನೆ."

ಇದು ಇಲ್ಲಿನ ಗೌರವ, ಇದಕ್ಕಾಗಿ ಮನೆಯೊಳಗೆ ಜಗಳವಾಗುತ್ತದಂತೆ ಎಂದೆ. ಅಕ್ಕ ಪೂರ್ತಿ ತಿಂದು ಮುಗಿಸಿದಳು. ಆಮೇಲೆ ಹೇಳಿದಳು:

"ಈ ಊರಿಗೆ ನಮ್ಮ ಪಕ್ಕದ ಬೀದಿ ಆಂಟಿ ಒಬ್ಬರು ಬೇಕು ಕಣೋ."

ಅದ್ದುವ ಹಕ್ಕು

ಒರ್ಚಾಟಾ ಎಂಬುದು ಯಾವುದೋ ಗೆಡ್ಡೆಯನ್ನು ನೆನೆಸಿ, ರುಬ್ಬಿ, ಸಕ್ಕರೆ ಹಾಕಿ ತಣ್ಣಗೆ ಕೊಡುವ ಹಾಲು. ಭಾವ ಬಿಸಿ ಮಾಡಿಕೊಡಿ ಎಂದು ಕೇಳಿದರು. ಮಾಡಿಕೊಡಲಿಲ್ಲ.

ಅದರ ಜೊತೆ ಉದ್ದನೆಯ ಸಿಹಿ ಬನ್ ಕೊಡುತ್ತಾರೆ, ಅದ್ದಿಕೊಂಡು ತಿನ್ನಲು. ನ್ಯೂಜೆರ್ಸಿಯಲ್ಲೇ ಹುಟ್ಟಿ ಬೆಳೆದ ಅವರ ಮಗಳು, ಭಾವ ಕಾಫಿಗೆ ಬನ್ ಅದ್ದಿದಾಗಲೆಲ್ಲ "ಡ್ಯಾಡ್, ಪ್ಲೀಸ್, ನಾಟ್ ಇನ್ ಪಬ್ಲಿಕ್" ಎನ್ನುವವಳು. ಇಲ್ಲಿ ಸೂಟು ಹಾಕಿದವರಿಂದ ಹಿಡಿದು ಇಡೀ ಅಂಗಡಿಯೇ ಅದ್ದುತ್ತಿತ್ತು. ಭಾವ ತಕ್ಷಣ ತಾವು ಅದ್ದುವ ವೀಡಿಯೋ ಮಾಡಿಸಿ ಅವಳಿಗೆ ಕಳಿಸಿದರು: "ಇದು ಯೂರೋಪ್ ಕಣಮ್ಮ."

ಉತ್ತರ ಕೂಡಲೇ ಬಂತು: "ಡ್ಯಾಡ್. ಯುವರ್ ಶರ್ಟ್."

ಷಟರ್

ದೊಡ್ಡ ಮಾರ್ಕೆಟಿನ ಹಿಂದಿನ ಅಂಗಡಿಯಲ್ಲಿ ಒಬ್ಬರಿಗೆ ಸಾಕಾಗುವುದರಿಂದ ಹಿಡಿದು ಒಂದು ಬೀದಿಗೆ ಸಾಕಾಗುವವರೆಗೆ ಬಾಣಲೆಗಳು ನೇತಾಡುತ್ತಿದ್ದವು. ಎಷ್ಟು ಜನಕ್ಕೆ ಎಂದು ಅಂಗಡಿಯವನು ಕೇಳಿದ. ಅರವತ್ತು, ಎಂದಳು ಅಕ್ಕ.

"ರೆಸ್ಟೋರೆಂಟ್?"

"ಪಾಟ್‌ಲಕ್."

ಭಾವ ಚೌಕಾಸಿಗಿಳಿದರು. ಅಂಗಡಿಯವನು ಆಗಲ್ಲವೆಂದು ತಲೆಯಾಡಿಸಿದ, ಗಡಿಯಾರ ನೋಡಿದ, ನಮ್ಮನ್ನು ಹೊರಗೆ ಕಳಿಸಿ ಷಟರ್ ಎಳೆಯತೊಡಗಿದ.

"ನಾಟಕ," ಎಂದು ಭಾವ ಪಿಸುಗುಟ್ಟಿದರು. "ತಿರುಗಿ ನೋಡದೆ ನಡೀರಿ. ಅವನೇ ಕರೀತಾನೆ."

ತಿರುಗಿ ನೋಡದೆ ನಡೆದೆವು. ಹಿಂದಿನಿಂದ ಬೀಗ ಹಾಕಿದ ಸದ್ದು ಕೇಳಿಸಿತು. ಮಧ್ಯಾಹ್ನ ಊರೇ ಅಂಗಡಿ ಮುಚ್ಚಿ ಊಟಕ್ಕೆ ಹೋಗುತ್ತದೆ, ಅವನೂ ಹೋಗಿದ್ದ. ಅಕ್ಕ ಮೆಟ್ಟಿಲ ಮೇಲೆ ಕೂತಳು, ಭಾವನ ಜೊತೆ ಮಾತು ಬಿಟ್ಟಳು.

ಐದಕ್ಕೆ ಷಟರ್ ಎದ್ದಾಗ ಭಾವನೇ ಅವನನ್ನು ಕರೆದರು. ಅವನು ಹೇಳಿದಷ್ಟೇ ಕೊಟ್ಟರು.

ಮತ್ತೆ ಉಪ್ಪಿಟ್ಟು

ಈ ಯುಗಾದಿಗೆ ಬಾಣಲೆ ಮನ್ರೋದ ಒಲೆ ಏರಿತು. ಎಷ್ಟು ಅಗಲವೆಂದರೆ ಎರಡು ಬರ್ನರ್ ಹಚ್ಚಬೇಕಾಯಿತು. ಎರಡರ ಮೇಲೂ ಸರಿಯಾಗಿ, ಉಪ್ಪಿಟ್ಟಿನ ತಳದಲ್ಲಿ ಎರಡು ಕಪ್ಪು ಚಂದ್ರ ಮೂಡಿದವು. ಹಾಲ್‌ಗೆ ಹೊರಡಲು ಹೆಚ್ಚು ಹೊತ್ತಿರಲಿಲ್ಲ.

ಭಾವ ಮೆಲ್ಲಗೆ ಕಾರಿನ ಕೀಲಿ ಕೈಗೆತ್ತಿಕೊಂಡರು. "ಪೇಪರ್ ಪ್ಲೇಟ್ ತರಲಾ?"

ಅಕ್ಕ ಮೇಲಿನ ಉಪ್ಪಿಟ್ಟನ್ನು ಟ್ರೇಗೆ ಹಾಕಿ, ತಳವನ್ನು ಕೆರೆದು ಬೇರೆಯಾಗಿ ಬೆಳ್ಳಿ ಬಟ್ಟಲಿಗೆ ತುಂಬಿದಳು.

ಹಾಲ್‌ನಲ್ಲಿ ಆಂಟಿ ಬಂದರು, ಮೂಗು ಏರಿಸಿದರು. "ಏನೋ ಸೀದ..."

"ಸೊಕರಾಟ್ ರೀ," ಎಂದಳು ಅಕ್ಕ. "ವೆಲೆನ್ಸಿಯಾದಲ್ಲಿ ಇದಕ್ಕೆ ಮನೆಮನೆಯಲ್ಲೂ ಜಗಳ. ಎಲ್ಲರಿಗೂ ಸಾಲಲ್ಲ. ನಿಮಗೇ ಅಂತ ಒಂದು ಚೂರು ಎತ್ತಿಟ್ಟಿದೀನಿ."

ಆಂಟಿ ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿದರು. ಅದನ್ನು ನೋಡಿ ಹಿಂದೆ ಸಾಲು ಹತ್ತಿತು. ಟ್ರೇಯಲ್ಲಿದ್ದ ಮೆತ್ತನೆಯ ಉಪ್ಪಿಟ್ಟನ್ನು ಕೇಳುವವರಿಲ್ಲ. ಬೆಳ್ಳಿ ಬಟ್ಟಲು ಖಾಲಿ. ಮಾಸ್ಟರ್ಸ್, ಪಿಎಚ್‌ಡಿ ಮಾಡಿದವರು "ನಮಗೆ ತಳ ಸಿಗಲೇ ಇಲ್ಲ" ಎಂದು ಬೇಜಾರು ಮಾಡಿಕೊಂಡರು.

ಹೊರಡುವಾಗ ಆಂಟಿ ಅಕ್ಕನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. "ಅಲ್ಲಾ ರೀ, ನನಗೂ ಹೇಳ್ಕೊಡಿ. ಎಷ್ಟು ಹೊತ್ತು ಬಿಟ್ಟರೆ ಹೀಗೆ ಬರುತ್ತೆ?"

"ಕೈಗೆ ಬರಬೇಕು ರೀ," ಎಂದಳು ಅಕ್ಕ. "ಹೋದ ವರ್ಷವೂ ಮಾಡಿದ್ದೆನಲ್ಲ. ಆಗ ನಿಮಗೆ ಗೊತ್ತಾಗಲಿಲ್ಲ."